ಬಾಗಿಲು ತಟ್ಟುವ ಮೊದಲು

ಜನರ ನಡುವೆ ಕೆಲಸ ಮಾಡಲು ಹೊರಟವರಿಗೆ ಕೇಳುವುದನ್ನು, ನೋಡುವುದನ್ನು, ಬರೆದಿಡುವುದನ್ನು ಯಾರು ಕಲಿಸುತ್ತಾರೆ? ನಮ್ಮ ಸಮಾಜಕಾರ್ಯ ವಿಭಾಗಗಳಲ್ಲಿ ಸಂಶೋಧನೆ ಎಂದರೆ ಒಂದು ಪೇಪರು, ಕೊನೆಗೊಂದು ಡಿಸರ್ಟೇಷನ್. ಷಿಕಾಗೊದ ಕೊಳೆಗೇರಿಯಿಂದ ಕುಂದಾಪುರದ ಕಾಲುಸಂಕದವರೆಗಿನ ಅನುಭವ ಬೇರೆಯದೇ ದಾರಿ ತೋರಿಸುತ್ತದೆ.

2025ರ ಅಕ್ಟೋಬರ್. ಬಯಲುಸೀಮೆಯ ಒಂದು ಹಳ್ಳಿ. ಜಗಲಿಯ ಮೇಲೆ ಪ್ರಾಥಮಿಕ ಶಾಲೆಯ ಮೇಷ್ಟ್ರು ಕೂತಿದ್ದಾರೆ. ಮೀಟರ್ ಬೋರ್ಡಿನ ಪಕ್ಕ ಅಂಟಿಸಿದ ಸಮೀಕ್ಷೆಯ ಚೀಟಿ ಇನ್ನೂ ಹೊಸದು. ಕೈಯಲ್ಲಿರುವ ಮೊಬೈಲಿನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಆ್ಯಪ್. ಒಟ್ಟು 60 ಪ್ರಶ್ನೆ.

ಹೆಸರು, ವಯಸ್ಸು, ಜಾತಿ, ಓದು ಎಲ್ಲ ಮುಗಿದು ಆದಾಯದ ಪ್ರಶ್ನೆ ಬಂತು. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಎಲೆ ಅಡಿಕೆ ಮಡಚುತ್ತಾ ಕೇಳಿದರು: “ಯಾವ ವರ್ಷದ್ದು ಹೇಳ್ಲಿ ಸಾಮಿ? ಮಳೆ ಬಂದ ವರ್ಷದ್ದೊ, ಬರದ ವರ್ಷದ್ದೊ?”

ಮೇಷ್ಟ್ರ ಬೆರಳು ಪರದೆಯ ಮೇಲೆ ನಿಂತಿತು. ಅಲ್ಲೊಂದು ಉತ್ತರ ತುಂಬದಿದ್ದರೆ ಮುಂದಿನ ಪುಟ ತೆರೆದುಕೊಳ್ಳುವುದಿಲ್ಲ.

ಇಂಥ ಮಾತುಕತೆ ಆ ದಿನಗಳಲ್ಲಿ ರಾಜ್ಯದ ಎಷ್ಟೋ ಜಗಲಿಗಳ ಮೇಲೆ ನಡೆದಿದೆ. ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮನೆಮನೆಗೆ ಹೋಯಿತು. ಉತ್ತರಿಸುವುದು ಜನರ ಇಚ್ಛೆಗೆ ಬಿಟ್ಟದ್ದು ಎಂದು ಹೈಕೋರ್ಟ್ ಹೇಳಿತು. ಕೆಲವರು ಹೇಳಿದರು, ಕೆಲವರು ಬಾಗಿಲು ಹಾಕಿಕೊಂಡರು. ಅದರ ಬೆನ್ನಿಗೇ ಜನಗಣತಿ. 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ತಲೆ ಎಣಿಕೆ. ಒಬ್ಬರ ಮನೆಗೆ ಹೋಗಿ ಅವರ ಬದುಕಿನ ಬಗ್ಗೆ ಕೇಳುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದು ಇಷ್ಟು ಮಂದಿಗೆ ಒಟ್ಟಿಗೇ ಅನುಭವಕ್ಕೆ ಬಂದ ಕಾಲ ಬಹುಶಃ ಹಿಂದೆ ಇರಲಿಲ್ಲ.

ಸಮೀಕ್ಷೆ ಮುಗಿದ ಮೇಲೆ ಮೇಷ್ಟ್ರು ತರಗತಿಗೆ ಮರಳುತ್ತಾರೆ. ಆದರೆ ಬಾಗಿಲು ತಟ್ಟುವುದನ್ನೇ ಜೀವನದ ಕೆಲಸ ಮಾಡಿಕೊಂಡವರಿದ್ದಾರೆ. ಬಾಲಮಂದಿರದ ಆಪ್ತಸಮಾಲೋಚಕಿ, ಕೊಳೆಗೇರಿಯಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಓಡಾಡುವ ಕಾರ್ಯಕರ್ತ, ವಯಸ್ಕರ ಶಿಕ್ಷಣ ಕೇಂದ್ರದ ಸಂಯೋಜಕಿ, ಸ್ವಸಹಾಯ ಸಂಘಗಳನ್ನು ಕಟ್ಟುವವರು. ಶಾಲೆಯ ಗೋಡೆಯ ಹೊರಗೆ ಕಲಿಸುವ ಇವರೇ ಸಮಾಜ ಶಿಕ್ಷಕರು. ಇವರಲ್ಲಿ ಹೆಚ್ಚಿನವರು ಬರುವುದು ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯು ಓದಿ. ಆ ಎರಡು ವರ್ಷಗಳಲ್ಲಿ ಅವರಿಗೆ ಕೇಳುವ ವಿದ್ಯೆ ಸಿಗುತ್ತಿದೆಯೇ?

ಸಿಗುತ್ತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದರ ಹೊಣೆಯನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟಲಾಗದು.

ಬ್ಲಾಕಿಗೆ ಇಬ್ಬರು

ಸಮಾಜ ಶಿಕ್ಷಣ ನಮಗೆ ಹೊಸದೇನೂ ಅಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದ್, ವಯಸ್ಕರಿಗೆ ಅಕ್ಷರ ಕಲಿಸಿದರಷ್ಟೇ ಸಾಲದು, ಆರೋಗ್ಯ, ಪೌರತ್ವ, ಕಸುಬು ಎಲ್ಲವೂ ಸೇರಬೇಕು ಎಂದು ಆ ಕಾರ್ಯಕ್ರಮವನ್ನು ಹಿಗ್ಗಿಸಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅದರ ಬ್ಲಾಕುಗಳಿಗೆ ಸಮಾಜ ಶಿಕ್ಷಣ ಸಂಘಟಕರು ಬಂದರು. ಒಬ್ಬರು ಗಂಡಸರ ನಡುವೆ, ಒಬ್ಬರು ಹೆಂಗಸರ ನಡುವೆ ಕೆಲಸ ಮಾಡಬೇಕೆಂಬುದು ಏರ್ಪಾಡು.

ಮೈಸೂರು ಸೀಮೆ ಅದಕ್ಕೂ ಮೊದಲೇ ಹೆಜ್ಜೆ ಇಟ್ಟಿತ್ತು. 1940ರ ದಶಕದಲ್ಲೇ ಇಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ನಡೆಸುತ್ತಿತ್ತು. ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠ ತೆರೆದಾಗ ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿ ಕಣ್ಣಮುಂದಿತ್ತು.

ಅದೇ ಡೆನ್ಮಾರ್ಕಿನಲ್ಲಿ ಇಂದು ಸಮಾಜ ಶಿಕ್ಷಕರಾಗಲು ಮೂರೂವರೆ ವರ್ಷದ ಪದವಿ ಬೇಕು. ಸ್ಪೇನ್ 1991ರಲ್ಲಿ ಇದನ್ನು ವಿಶ್ವವಿದ್ಯಾಲಯದ ಕೋರ್ಸಾಗಿ ಮಾಡಿತು. ಈಗ ಅದು ನಾಲ್ಕು ವರ್ಷದ ಪದವಿ, ಕೊನೆಗೆ ಪ್ರತಿಯೊಬ್ಬರೂ ಒಂದು ಸ್ವತಂತ್ರ ಅಧ್ಯಯನ ಬರೆಯಲೇಬೇಕು. ನಮ್ಮಲ್ಲಿ ಅಂಥ ಪ್ರತ್ಯೇಕ ಪದವಿ ಬೆಳೆಯಲಿಲ್ಲ. ಆ ಹೊರೆಯನ್ನೆಲ್ಲ ಸಮಾಜಕಾರ್ಯ ವಿಭಾಗಗಳು ಹೊತ್ತುಕೊಂಡವು.

ಎರಡು ಕಪಾಟು, ಎರಡು ಬೀಗ

ಎಂಎಸ್‌ಡಬ್ಲ್ಯು ವಿದ್ಯಾರ್ಥಿಯ ವಾರವನ್ನು ನೋಡಿ. ವಾರಕ್ಕೆ ಸಾಮಾನ್ಯವಾಗಿ ಎರಡು ದಿನ ಫೀಲ್ಡ್ ವರ್ಕ್. ಆಸ್ಪತ್ರೆ, ಅಂಗನವಾಡಿ, ಸಂಸ್ಥೆ, ಪಂಚಾಯಿತಿ ಎಲ್ಲಾದರೂ ಸರಿ. ಬಂದು ರಿಪೋರ್ಟ್ ಬರೆಯಬೇಕು. ಆಮೇಲೆ ಮೇಲ್ವಿಚಾರಕರೊಂದಿಗೆ ಒಬ್ಬೊಬ್ಬರೇ ಕೂತು ಮಾತಾಡುವ ‘ಐಸಿ’, ಗುಂಪಾಗಿ ಕೂರುವ ‘ಜಿಸಿ’. ವರ್ಷಕ್ಕೊಮ್ಮೆ ರೂರಲ್ ಕ್ಯಾಂಪ್.

ಇನ್ನೊಂದು ಕಡೆ ಸಂಶೋಧನಾ ವಿಧಾನದ ಪೇಪರು. ಸ್ಯಾಂಪ್ಲಿಂಗ್ ವಿಧಗಳು, ಊಹಾಕಲ್ಪನೆಯ ಲಕ್ಷಣಗಳು, ಕೈ-ವರ್ಗ ಪರೀಕ್ಷೆ. ಕೊನೆಯ ಸೆಮಿಸ್ಟರಿನಲ್ಲಿ ಡಿಸರ್ಟೇಷನ್. ಜೂನ್ ಹತ್ತಿರವಾದಂತೆ ಕ್ಯಾಂಪಸ್ಸಿನ ಹೊರಗಿನ ಜೆರಾಕ್ಸ್ ಅಂಗಡಿಗಳಲ್ಲಿ ರಾತ್ರಿ ಹನ್ನೊಂದರವರೆಗೂ ದೀಪ. ಬಂಗಾರದ ಅಕ್ಷರದ ರಟ್ಟು ಬೈಂಡಿಂಗಿಗೆ ಸರದಿ.

ಈ ಎರಡೂ ಒಂದೇ ವಿಭಾಗದಲ್ಲಿ ನಡೆಯುತ್ತವೆ, ಒಂದಕ್ಕೊಂದು ಭೇಟಿಯಾಗುವುದಿಲ್ಲ. ಎರಡು ವರ್ಷ ಒಂದೇ ಬಡಾವಣೆಗೆ ಹೋಗಿ ಬಂದ ಹುಡುಗಿಯ ಬಳಿ ಫೀಲ್ಡ್ ವರ್ಕ್ ರಿಪೋರ್ಟುಗಳ ಕಟ್ಟೇ ಇರುತ್ತದೆ. ಯಾವ ಮನೆಯ ಮಗು ಯಾವ ತಿಂಗಳು ಶಾಲೆ ಬಿಟ್ಟಿತು, ಯಾರ ತಾಯಿ ಯಾವ ಗಾರ್ಮೆಂಟ್ಸಿಗೆ ಸೇರಿದಳು, ನೀರು ಬಾರದ ವಾರ ಮಕ್ಕಳ ಹಾಜರಿ ಏನಾಯಿತು ಎಂಬುದೆಲ್ಲ ಅದರಲ್ಲಿದೆ. ಅಪರೂಪದ ಸಾಮಗ್ರಿ ಅದು. ಡಿಸರ್ಟೇಷನ್ ಬರೆಯುವ ಹೊತ್ತಿಗೆ ಅವಳೇ ಅದನ್ನು ಪಕ್ಕಕ್ಕಿಟ್ಟು, ಹಿಂದೆಂದೂ ಕಾಣದ ಊರಿಗೆ ಹೋಗಿ, ಐವತ್ತು ಮಂದಿಯ ಕೈಗೆ ಪ್ರಶ್ನಾವಳಿ ಕೊಡುತ್ತಾಳೆ. ಸಂಶೋಧನೆ ಎಂದರೆ ಹಾಗೇ ಇರಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದಾರೆ.

ಪ್ರಶ್ನಾವಳಿಯ ಕತೆ ಇನ್ನೂ ನೋವಿನದು. ಅದು ಮೊದಲು ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ, ಗೈಡ್ ತಿದ್ದುತ್ತಾರೆ, ಆಮೇಲೆ ಪುಸ್ತಕದ ಕನ್ನಡಕ್ಕೆ ಇಳಿಯುತ್ತದೆ. ಅಲ್ಲಿಂದ ಯಾದಗಿರಿಯದೋ ಚಾಮರಾಜನಗರದ್ದೋ ಆಡುಮಾತಿಗೆ ಅವಳೇ ಬೀದಿಯಲ್ಲಿ ನಿಂತು ಬದಲಿಸಬೇಕು. ‘ನಿಮ್ಮ ಕುಟುಂಬದ ನಿರ್ಧಾರ ಪ್ರಕ್ರಿಯೆಯಲ್ಲಿ ಮಹಿಳೆಯರ ಭಾಗವಹಿಸುವಿಕೆಯ ಪ್ರಮಾಣವೆಷ್ಟು? ಹೆಚ್ಚು, ಸಾಧಾರಣ, ಕಡಿಮೆ’ ಎಂದು ಕೇಳಿದರೆ ಎದುರಿನ ಹೆಂಗಸು ಏನು ಹೇಳಿಯಾಳು? ‘ಹೋದ ಸಲ ಹಸು ಮಾರಿದಾಗ ಬೆಲೆ ಮಾತಾಡಿದ್ದು ಯಾರು? ದುಡ್ಡು ಯಾರ ಕೈಲಿತ್ತು?’ ಎಂದು ಕೇಳಿದ್ದರೆ ಅವಳು ಅರ್ಧ ಗಂಟೆ ಮಾತಾಡುತ್ತಿದ್ದಳು.

ಆದಾಯವೂ ಅಷ್ಟೇ. ಕೂಲಿಯ ಮನೆಗೆ ತಿಂಗಳ ಆದಾಯ ಎಂಬುದೇ ಇರುವುದಿಲ್ಲ. ಕಬ್ಬು ಕಡಿಯುವ ಕಾಲದ ಕೂಲಿ ಇದೆ, ಕೈ ಖಾಲಿಯಾದ ಆಷಾಢ ಇದೆ, ಮುಂಗಡ ತಂದ ಸಾಲ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದಶಕಗಳಿಂದ ಈ ಗಂಟನ್ನು ಬಿಡಿಸಲು ತಿಣುಕಿದ್ದಾರೆ. ಕೆಲವು ಆಹಾರ ಪದಾರ್ಥಗಳಿಗೆ ಕಳೆದ ಏಳು ದಿನ, ಹಲವು ಖರ್ಚಿಗೆ ಕಳೆದ ಮೂವತ್ತು ದಿನ, ಬಟ್ಟೆ ಪಾತ್ರೆಯಂಥವಕ್ಕೆ ಇಡೀ ವರ್ಷ ಎಂದು ನೆನಪಿನ ಅವಧಿಯನ್ನು ಬೇರೆ ಬೇರೆ ಇಟ್ಟು ಪರೀಕ್ಷಿಸಿದ್ದಾರೆ. ಅವಧಿ ಬದಲಾದರೆ ಉತ್ತರ ಬದಲಾಗುತ್ತದೆ, ದೇಶದ ಬಡವರ ಲೆಕ್ಕವೇ ಬದಲಾಗುತ್ತದೆ. ಈ ಕತೆಯನ್ನು ಹೇಳಿಕೊಟ್ಟರೆ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರ ಜೀವಂತವಾಗಿ ಕಾಣುತ್ತದೆ. ನಾವು ಕೊಡುವುದು ಸೂತ್ರಗಳನ್ನು.

■ ನಕಲಿನ ನಿಯಮ
ಯುಜಿಸಿ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಹೋಲಿಕೆ 10%ವರೆಗೆ ಇದ್ದರೆ ಶಿಕ್ಷೆಯಿಲ್ಲ. 10%ರಿಂದ 40% ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40% ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60% ಮೀರಿದರೆ ನೋಂದಣಿಯೇ ರದ್ದು. ಸಾಫ್ಟ್‌ವೇರ್ ಹಿಡಿಯುವುದು ನಕಲು ಮಾಡಿದ ವಾಕ್ಯವನ್ನು. ಮರದಡಿ ಕೂತು ತುಂಬಿಸಿದ ಸುಳ್ಳು ಪ್ರಶ್ನಾವಳಿ ಅದಕ್ಕೆ ಕಾಣುವುದಿಲ್ಲ.

ಷಿಕಾಗೊದ ಕಪ್ಪು ಚೌಕಗಳು

ಜನರ ಮನೆಗೆ ಹೋಗಿ ಕೇಳುವ ಈ ಕೆಲಸವನ್ನು ಬೇರೆ ಥರ ಮಾಡಿದವರಿದ್ದರು. ಅದಕ್ಕೆ 1893ರ ಷಿಕಾಗೊಗೆ ಹೋಗಬೇಕು.

ಹಾಲ್‌ಸ್ಟೆಡ್ ಬೀದಿಯಲ್ಲಿ ಹಲ್ ಹೌಸ್ ಎಂಬ ಹಳೆಯ ಮನೆ. ಜೇನ್ ಆ್ಯಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ವಾಸಕ್ಕೆ ಬಂದರು. ಸುತ್ತ ಇಟಲಿ, ರಷ್ಯಾ, ಪೋಲೆಂಡ್, ಬೊಹೀಮಿಯಾಗಳಿಂದ ವಲಸೆ ಬಂದ ಬಡವರು. ಬಂದವರು ಶಿಶುವಿಹಾರ ತೆರೆದರು, ಸಂಜೆ ತರಗತಿ ನಡೆಸಿದರು. ನೆರೆಯವರಾಗಿ ಅಲ್ಲೇ ಬದುಕಿದರು.

ಆ ಮನೆ ಸೇರಿದವರಲ್ಲಿ ಫ್ಲಾರೆನ್ಸ್ ಕೆಲ್ಲಿ ಒಬ್ಬಳು. ಮೂರು ಮಕ್ಕಳ ತಾಯಿ, ಗಂಡನ ಮನೆ ಬಿಟ್ಟು ಬಂದವಳು. 1892ರಲ್ಲಿ ಇಲಿನಾಯ್ ರಾಜ್ಯದ ಪರವಾಗಿ ಹಟ್ಟಿಗಳೊಳಗೆ ನಡೆಯುತ್ತಿದ್ದ ದರ್ಜಿ ಕೆಲಸದ ತನಿಖೆ ಮಾಡಿದಳು. ಮರುವರ್ಷ ಅಮೆರಿಕದ ಕಾರ್ಮಿಕ ಇಲಾಖೆ ಮಹಾನಗರಗಳ ಕೊಳೆಗೇರಿಗಳ ಸಮೀಕ್ಷೆ ಕೈಗೊಂಡಾಗ ಷಿಕಾಗೊದ ಹೊಣೆ ಅವಳ ಮೇಲೆ ಬಿತ್ತು. ಒಂದು ಚದರ ಮೈಲಿಯ ಮೂರನೇ ಒಂದು ಪಾಲಿನಷ್ಟು ಜಾಗ. ಇಲಾಖೆಯ ಗಣತಿದಾರರು ಮನೆಮನೆಗೆ, ಕೋಣೆ ಕೋಣೆಗೆ ಹೋದರು. ಒಬ್ಬರು ಹೇಳಿದ್ದನ್ನು ಹಲವು ಸಲ ಬೇರೆಯವರನ್ನು ಕೇಳಿ ತಾಳೆ ನೋಡಿದರು.

ತುಂಬಿದ ನಮೂನೆಗಳು ವಾಷಿಂಗ್ಟನ್ನಿಗೆ ಹೋಗಬೇಕು. ಹೋಗುವ ಮೊದಲು ಹಲ್ ಹೌಸಿನವರು ಅವನ್ನು ನಕಲು ಮಾಡಿಟ್ಟುಕೊಂಡರು. ಆ ನಕಲಿನಿಂದ ಹುಟ್ಟಿದ್ದು 1895ರ ‘ಹಲ್-ಹೌಸ್ ಮ್ಯಾಪ್ಸ್ ಆ್ಯಂಡ್ ಪೇಪರ್ಸ್’. ಒಂದು ನಕ್ಷೆಯಲ್ಲಿ ಹದಿನೆಂಟು ಜನಾಂಗಗಳಿಗೆ ಹದಿನೆಂಟು ಗುರುತು. ಇನ್ನೊಂದರಲ್ಲಿ ಕುಟುಂಬದ ವಾರದ ಸಂಪಾದನೆ. ಐದು ಡಾಲರ್ ದಾಟದ ಮನೆಗಳಿಗೆ ಕಪ್ಪು. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ ಬಡತನದ ಇಂಥ ನಕ್ಷೆಗಳನ್ನು ಮಾಡಿದ್ದ. ಅವನ ನಕ್ಷೆಯಲ್ಲಿ ಕಪ್ಪು ಬಣ್ಣ ಕಡುಬಡವರ ನಡತೆಗೂ ಮಸಿ ಬಳಿಯುತ್ತಿತ್ತು. ಹಲ್ ಹೌಸಿನವರು ಕಪ್ಪು ಬಣ್ಣದಿಂದ ಸಂಪಾದನೆಯನ್ನಷ್ಟೇ ಗುರುತಿಸಿದರು, ಬಡವರ ನಡತೆಗೆ ಮಸಿ ಬಳಿಯಲಿಲ್ಲ. ನೆರೆಯವರ ಬಗ್ಗೆ ಹಾಗೆ ಬರೆಯಲು ಅವರಿಂದ ಆಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ನಕ್ಷೆಗಳ ಟಿಪ್ಪಣಿ ಬರೆದವಳು ಆಗ್ನೆಸ್ ಹಾಲ್‌ಬ್ರುಕ್. ಬಡವರ ಬದುಕನ್ನು ಇಷ್ಟು ಕೆದಕುವುದು ಉದ್ಧಟತನವೇ ಸರಿ, ಇದರಿಂದ ಅವರ ಸ್ಥಿತಿ ಸುಧಾರಿಸಲು ದಾರಿಯಾಗುತ್ತದೆಂಬ ನಂಬಿಕೆ ಇರದಿದ್ದರೆ ಇದು ಕ್ಷಮೆಗೆ ಅರ್ಹವಲ್ಲ ಎಂಬರ್ಥದಲ್ಲಿ ಅವಳು ಬರೆದಳು. ಸಂಶೋಧನಾ ವಿಧಾನದ ಮೊದಲ ತರಗತಿ ಈ ಮಾತಿನಿಂದ ಶುರುವಾಗಬೇಕು.

ಅವರ ಕೆಲಸ ಪುಸ್ತಕಕ್ಕೇ ನಿಲ್ಲಲಿಲ್ಲ. ದರ್ಜಿ ಕೆಲಸದ ತನಿಖೆಯ ಬೆನ್ನಲ್ಲೇ 1893ರಲ್ಲಿ ಇಲಿನಾಯ್ ಕಾರ್ಖಾನೆ ಕಾಯ್ದೆ ತಂದಿತು. ಹದಿನಾಲ್ಕರ ಕೆಳಗಿನ ಮಕ್ಕಳನ್ನು ದುಡಿಸುವಂತಿಲ್ಲ, ಹೆಂಗಸರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ. ಗವರ್ನರ್ ಆಲ್ಟ್‌ಗೆಲ್ಡ್ ಮುಖ್ಯ ಕಾರ್ಖಾನೆ ಇನ್ಸ್‌ಪೆಕ್ಟರ್ ಹುದ್ದೆಗೆ ಕೆಲ್ಲಿಯನ್ನೇ ನೇಮಿಸಿದ. ಎಂಟು ಗಂಟೆಯ ನಿಯಮವನ್ನು 1895ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಕೆಲ್ಲಿ ಹೋರಾಟ ಬಿಡಲಿಲ್ಲ.

ನಾಗಪಾಡದಿಂದ ರಾಂಪುರಕ್ಕೆ

ಇದೇ ಪರಂಪರೆ ಹಡಗು ಹತ್ತಿ ಮುಂಬೈಗೆ ಬಂತು. ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ನಾಗಪಾಡದ ಕಾರ್ಮಿಕರ ಕೇರಿಯಲ್ಲಿ ಇಂಥದ್ದೇ ನೆರೆಮನೆ ನಡೆಸುತ್ತಿದ್ದರು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಶುರುವಾದಾಗ ಅವರೇ ಅದರ ಮೊದಲ ನಿರ್ದೇಶಕರು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂತು. ಆಮೇಲೆ ಒಂದೊಂದೇ ವಿಶ್ವವಿದ್ಯಾಲಯ ವಿಭಾಗ ತೆರೆಯಿತು. ಪಠ್ಯಕ್ರಮ ಹರಡಿತು. ಅಲ್ಲೇ ವಾಸವಿದ್ದು ಅರಿಯುವ ಪದ್ಧತಿ ಅದರ ಜೊತೆ ಬರಲಿಲ್ಲ.

ಆ ಪದ್ಧತಿಯನ್ನು ಅರಿಯಲು ನಮ್ಮವರೇ ಆದ ಒಬ್ಬರ ಕತೆ ಸಾಕು. ಮೈಸೂರಿನಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ದೂರವಲ್ಲದ ಹಳ್ಳಿಯೊಂದರಲ್ಲಿ ನೆಲೆಸಿದರು. ಬರಹದಲ್ಲಿ ಅದಕ್ಕೆ ಅವರಿಟ್ಟ ಹೆಸರು ರಾಂಪುರ. ಕಂಡದ್ದು, ಕೇಳಿದ್ದು, ಜಗಳ, ಮದುವೆ, ಗದ್ದೆಯ ನಾಟಿ ಎಲ್ಲವನ್ನೂ ಬರೆದಿಟ್ಟರು. ಹದಿನೆಂಟು ವರ್ಷ ಆ ಟಿಪ್ಪಣಿಗಳನ್ನು ಒಪ್ಪ ಮಾಡಿದರು.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಒಪ್ಪ ಮಾಡಿದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲೇ ಇದ್ದವು. ಸುಟ್ಟುಹೋದವು. ಕ್ಷೇತ್ರದಲ್ಲಿ ಬರೆದ ಮೂಲ ಪುಸ್ತಕಗಳು ದೆಹಲಿಯಲ್ಲಿ ಉಳಿದಿದ್ದವು. ಗೆಳೆಯ ಸೋಲ್ ಟ್ಯಾಕ್ಸ್ ಒತ್ತಾಯಿಸಿದ ಮೇಲೆ ಅವರು ನೆನಪಿನಿಂದಲೇ ಬರೆಯಲು ಕೂತರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಬಂತು.

ನೆನಪು ಅಷ್ಟು ಗಟ್ಟಿಯಾಗಿ ಉಳಿದದ್ದು ಪವಾಡದಿಂದ ಅಲ್ಲ. ಬರೆಯುವ, ಮತ್ತೆ ಓದುವ, ಮತ್ತೆ ಜೋಡಿಸುವ ಅಭ್ಯಾಸದಿಂದ. ಶ್ರೀನಿವಾಸ್ ತಮ್ಮ ಮಿತಿಯನ್ನೂ ಮುಚ್ಚಿಡಲಿಲ್ಲ. ಊರ ಗೌಡರ ಎತ್ತಿನ ಮನೆಯಲ್ಲಿ ಬ್ರಾಹ್ಮಣನಾಗಿ ಬಿಡಾರ ಹೂಡಿದ್ದರಿಂದ ದಲಿತರ ಕೇರಿ ತಮಗೆ ದೂರವೇ ಉಳಿಯಿತೆಂದು ಬರೆದರು. ಯಾರ ಜಗಲಿಯ ಮೇಲೆ ಮೊದಲು ಕೂತಿರಿ ಎಂಬುದರ ಮೇಲೆ ಊರು ನಿಮಗೆ ಏನು ತೋರಿಸುತ್ತದೆ ಎಂಬುದು ನಿಂತಿದೆ. ರೂರಲ್ ಕ್ಯಾಂಪಿಗೆ ಹೊರಡುವ ಹುಡುಗರು ದೇವಸ್ಥಾನದ ಪಡಸಾಲೆಯಲ್ಲಿ ಹಾಸಿಗೆ ಬಿಚ್ಚುವ ಮೊದಲು ಇದನ್ನು ಚರ್ಚಿಸಬೇಕು. ಅಲ್ಲಿಗೆ ಯಾರು ಬರುತ್ತಾರೆ, ಯಾರು ಬರಲಾರರು?

ರಂಗೋಲಿ ಪುಡಿಯ ನಕ್ಷೆ

1980ರ ದಶಕದ ಕೊನೆಗೆ ನಮ್ಮ ಹಳ್ಳಿಗಳಲ್ಲೇ ಒಂದು ಹೊಸ ರೀತಿ ಬೆಳೆಯಿತು. 1968ರಲ್ಲಿ ಹುಟ್ಟಿದ, ಬೆಂಗಳೂರಿನ ಮೈರಾಡ ಸಂಸ್ಥೆಯವರು ಪ್ರಶ್ನಾವಳಿ ಕೆಳಗಿಟ್ಟರು. ಊರವರ ಕೈಗೆ ರಂಗೋಲಿ ಪುಡಿ, ಬೀಜ, ಕಡ್ಡಿ, ಕಲ್ಲು ಕೊಟ್ಟರು. ನೆಲದ ಮೇಲೆ ಊರು ಮೂಡಿತು. ಕೆರೆ ಇಲ್ಲಿ, ಬತ್ತಿದ ಬಾವಿ ಅಲ್ಲಿ, ಗಂಡಿಲ್ಲದ ಮನೆಗಳಿಗೆ ಇಂಥ ಬೀಜ. ಒಬ್ಬಳು ಗೆರೆ ಎಳೆದರೆ ಇನ್ನೊಬ್ಬಳು ಅಳಿಸಿ ತಿದ್ದಿದಳು. ತಿದ್ದುವ ಆ ಜಗಳದಲ್ಲೇ ಮಾಹಿತಿ ಗಟ್ಟಿಯಾಗುತ್ತಿತ್ತು. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಈ ವಿಧಾನವನ್ನು ಜಗತ್ತಿಗೆಲ್ಲ ಪರಿಚಯಿಸಿದರು.

ಅದೇ ಹೊತ್ತಿಗೆ, 1989ರಲ್ಲಿ ಮಹಿಳಾ ಸಮಖ್ಯಾ ಎಂಬ ಹೆಂಗಸರ ಶಿಕ್ಷಣ ಕಾರ್ಯಕ್ರಮ ಕರ್ನಾಟಕಕ್ಕೆ ಬಂತು. ಬೀದರ್, ಕಲಬುರ್ಗಿ, ವಿಜಯಪುರದಂಥ ಜಿಲ್ಲೆಗಳಲ್ಲಿ ಅದರ ಕಾರ್ಯಕರ್ತೆಯರಾದ ಸಹಯೋಗಿನಿಯರು ಹಳ್ಳಿಗೆ ಹೊರಟರು, ಒಬ್ಬೊಬ್ಬರಿಗೆ ಸುಮಾರು ಹತ್ತು ಹಳ್ಳಿ. ಕೈಯಲ್ಲಿ ಗುರಿಯ ಪಟ್ಟಿ ಇರಲಿಲ್ಲ. ಮೊದಲು ಹೆಂಗಸರ ಜೊತೆ ಕೂತು ಅವರಿಗೇನು ಬೇಕೆಂದು ತಿಳಿಯಬೇಕಿತ್ತು. ನನ್ನ ಮಟ್ಟಿಗೆ ಸಮಾಜ ಶಿಕ್ಷಕರೆಂದರೆ ಆ ಸಹಯೋಗಿನಿಯರು. ಅವರಲ್ಲಿ ಬಹುತೇಕರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಅವರ ಅನುಭವವನ್ನು ಪಾಠವಾಗಿಸುವ ಕೆಲಸವನ್ನು ನಮ್ಮ ವಿಭಾಗಗಳು ಮಾಡಬಹುದಿತ್ತು.

ಕುಂದಾಪುರ ತಾಲೂಕಿನಲ್ಲಿ ಮಕ್ಕಳೇ ಸಂಶೋಧಕರಾದರು. ದುಡಿಯುವ ಮಕ್ಕಳ ಭೀಮ ಸಂಘ 1990ರಲ್ಲಿ ಹುಟ್ಟಿತ್ತು. ಅದರ ಬೆನ್ನಿಗೆ ಬಂದ ಮಕ್ಕಳ ಪಂಚಾಯಿತಿಗಳು ಊರಿನ ಲೆಕ್ಕ ಹಿಡಿದವು. ಮಳೆಗಾಲದಲ್ಲಿ ಯಾವ ಕಾಲುಸಂಕ ಕೊಚ್ಚಿಹೋಗುತ್ತದೆ, ಎಷ್ಟು ಮಕ್ಕಳು ಆಗ ಶಾಲೆ ತಪ್ಪಿಸಿಕೊಳ್ಳುತ್ತಾರೆ, ಸೌದೆ ತರಲು ಎಷ್ಟು ಹೊತ್ತು ಹಿಡಿಯುತ್ತದೆ. ಪಂಚಾಯಿತಿಗಳ ಐದು ವರ್ಷದ ಯೋಜನೆಗೆ ಮಕ್ಕಳ ಮಾಹಿತಿ ಹೋಯಿತು. 2006ರಲ್ಲಿ ಮಕ್ಕಳ ಗ್ರಾಮಸಭೆಗೆ ಸರಕಾರವೇ ಸುತ್ತೋಲೆ ಹೊರಡಿಸಿತು.

ಬ್ರೆಜಿಲ್ಲಿನ ಅಂಜಿಕೋಸ್‌ನಲ್ಲಿ 1963ರಲ್ಲಿ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಸುಮಾರು ಮುನ್ನೂರು ಮಂದಿಗೆ ನಲವತ್ತು ಗಂಟೆಗಳಲ್ಲಿ ಓದು ಕಲಿಸಲು ಹೊರಟಾಗಲೂ ಮೊದಲ ಕೆಲಸ ಪಾಠವಾಗಿರಲಿಲ್ಲ. ಊರವರು ದಿನಬಳಕೆಯಲ್ಲಿ ಯಾವ ಮಾತು ಆಡುತ್ತಾರೆಂದು ಮೊದಲು ಕೇಳಿ ಬರೆದುಕೊಂಡರು. ಆ ಮಾತುಗಳಿಂದಲೇ ಪಾಠ ಹುಟ್ಟಿತು. ಹಾಗೆ ಹೋಗಿ ಕಲಿಸಿದವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು.

■ ಒಂದು ಹಾಳೆಯ ಸಾಧನ
2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಸ್ಥಳೀಯ ಕಾಲೇಜು, ಸಂಸ್ಥೆಗಳ ಯುವಕರು ಹಳ್ಳಿಗೆ ಹೋಗುತ್ತಾರೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. 5ರಿಂದ 16 ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅಕ್ಷರ, ಪದ, ಪುಟ್ಟ ಪ್ಯಾರಾ, ಎರಡನೇ ತರಗತಿಯ ಕತೆ ಓದಿಸುತ್ತಾರೆ. ಸಾಧನ ಒಂದೇ ಹಾಳೆ. ಮಗುವಿನ ಓದು ಎಲ್ಲಿ ನಿಂತಿತೆಂದು ತಾಯಿಗೂ ಅಲ್ಲೇ ತಿಳಿಯುತ್ತದೆ.

ಗುಟ್ಟಾಗಿಡುತ್ತೇನೆ ಎನ್ನುವ ಮೊದಲು

ಬಾಲಮಂದಿರದಲ್ಲಿ ಹನ್ನೆರಡರ ಹುಡುಗಿಯೊಬ್ಬಳು ಫೀಲ್ಡ್ ವರ್ಕಿಗೆ ಬಂದ ಅಕ್ಕನಿಗೆ ಒಲಿಯುತ್ತಾಳೆ. ‘ಯಾರಿಗೂ ಹೇಳಲ್ಲ ಅಂದ್ರೆ ಒಂದು ವಿಷಯ ಹೇಳ್ತೀನಿ’ ಎನ್ನುತ್ತಾಳೆ. ಗೋಪ್ಯತೆ ಸಂಶೋಧನೆಯ ಮೊದಲ ಧರ್ಮ ಎಂದು ಓದಿದ ವಿದ್ಯಾರ್ಥಿನಿ ತಲೆಯಾಡಿಸುತ್ತಾಳೆ. ಹೊರಬರುವುದು ಲೈಂಗಿಕ ದೌರ್ಜನ್ಯದ ಸಂಗತಿ.

ಈಗ ಅವಳು ಏನು ಮಾಡಬೇಕು? 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಾತು ಕೊಟ್ಟು ಮುರಿದರೆ ಆ ಮಗು ಇನ್ನಾವ ದೊಡ್ಡವರನ್ನೂ ನಂಬದೆ ಹೋಗಬಹುದು. ಮುರಿಯದಿದ್ದರೆ ಕಾನೂನು ತಪ್ಪುತ್ತದೆ, ಮಗುವೂ ಅಪಾಯದಲ್ಲೇ ಉಳಿಯುತ್ತದೆ. ಮೊದಲೇ ಹೇಳಬೇಕಾದ್ದು ಇಷ್ಟು: ‘ನಿನಗೆ ನೋವಾಗುವಂಥದ್ದಿದ್ದರೆ ಸಹಾಯ ಮಾಡಬಲ್ಲವರಿಗೆ ನಾನು ಹೇಳಬೇಕಾಗುತ್ತೆ. ಯಾರಿಗೆ, ಹೇಗೆ ಹೇಳೋದು ಅಂತ ನಿನ್ನ ಹತ್ರ ಮಾತಾಡ್ತೀನಿ.’

ಈ ನಾಲ್ಕು ಮಾತನ್ನು ತರಗತಿಯಲ್ಲಿ ಬಾಯಿಬಿಟ್ಟು ಆಡಿಸಿ ಅಭ್ಯಾಸ ಮಾಡಿಸಬೇಕು, ಒಬ್ಬರು ಮಗುವಾಗಿ, ಒಬ್ಬರು ಅಕ್ಕನಾಗಿ. ನೀತಿ ಸಂಹಿತೆಯ ಪುಟ ಉರು ಹೊಡೆದು ಹತ್ತು ಅಂಕ ಪಡೆದವಳಿಗೆ ಆ ಕ್ಷಣದಲ್ಲಿ ಅದು ನೆನಪಾಗುವುದಿಲ್ಲ.

■ ಮಗುವನ್ನು ಕೇಳುವಾಗ
ಐಸಿಎಂಆರ್‌ನ 2017ರ ನೀತಿ ಮಾರ್ಗಸೂಚಿಯ ಪ್ರಕಾರ ಪೋಷಕರ ಒಪ್ಪಿಗೆಯ ಜೊತೆಗೆ ಏಳು ದಾಟಿದ ಮಗುವಿನ ಸಮ್ಮತಿಯೂ ಬೇಕು. ಚಿಕ್ಕವರಾದರೆ ಬಾಯಿಮಾತಿನದು, ಹನ್ನೆರಡು ದಾಟಿದವರಾದರೆ ಬರಹದ್ದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲಾಗದಂತೆ ತಡೆಯುತ್ತದೆ. ಡಿಸರ್ಟೇಷನ್ನಿನ ಕೊನೆಗೆ ಅಂಟಿಸುವ ಕ್ಷೇತ್ರಕಾರ್ಯದ ಫೋಟೊಗಳಿಗೂ ಇದು ಅನ್ವಯ.

ವೈವಾ ಎಲ್ಲಿ ನಡೆಯಬೇಕು?

1994ರ ಡಿಸೆಂಬರ್ 2. ರಾಜಸ್ಥಾನದ ಕೋಟ್ ಕಿರಾಣಾ ಎಂಬ ಹಳ್ಳಿ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರಕಾರಿ ಕಾಮಗಾರಿಯ ದಾಖಲೆಗಳನ್ನು ಊರವರ ಎದುರು ಗಟ್ಟಿಯಾಗಿ ಓದಿದರು. ಕೂಲಿಗೇ ಹೋಗದವರ ಹೆಸರಿಗೆ ಕೂಲಿ, ಕಟ್ಟದೇ ಇದ್ದದ್ದಕ್ಕೆ ಬಿಲ್ಲು. ಕೂತವರೇ ಎದ್ದು ಒಂದೊಂದು ಸಾಲಿಗೂ ಸಾಕ್ಷಿ ಹೇಳಿದರು. ಆ ಸಾರ್ವಜನಿಕ ವಿಚಾರಣೆಗಳಿಂದ ಬೆಳೆದ ಚಳವಳಿ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿತು.

ಸಂಶೋಧನೆಯ ಮೊದಲ ಪರೀಕ್ಷಕರು ಅದು ಯಾರ ಬಗ್ಗೆಯೋ ಅವರೇ ಆಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯದು. ನಮ್ಮ ಡಿಸರ್ಟೇಷನ್ನುಗಳು ಮಾತ್ರ ವೈವಾ ಮುಗಿದ ಸಂಜೆ ವಿಭಾಗದ ಕಪಾಟು ಸೇರುತ್ತವೆ. ಐವತ್ತು ಮನೆಯವರು ತಮ್ಮ ಕೆಲಸ ಬಿಟ್ಟು ಉತ್ತರಿಸಿದ್ದು ಏನಾಯಿತೆಂದು ಅವರಿಗೆ ಗೊತ್ತಾಗುವುದೇ ಇಲ್ಲ. ಮುಂದಿನ ವರ್ಷ ಇನ್ನೊಂದು ತಂಡ ಅದೇ ಬೀದಿಗೆ ಹೋಗುತ್ತದೆ.

ಇದನ್ನು ಬದಲಿಸಲು ಹೊಸ ಕಟ್ಟಡ, ದುಬಾರಿ ಸಾಫ್ಟ್‌ವೇರ್ ಬೇಡ. ಸಂಶೋಧನಾ ವಿಧಾನದ ತರಗತಿಯ ಅರ್ಧದಷ್ಟು ಗಂಟೆಗಳನ್ನು ಫೀಲ್ಡ್ ವರ್ಕಿನ ದಿನಗಳಿಗೆ ಸಾಗಿಸಬಹುದು. ಮೊದಲ ತಿಂಗಳು ಯಾರಿಗೂ ಪ್ರಶ್ನಾವಳಿ ಇಲ್ಲ, ಬರೀ ನೋಡುವುದು ಮತ್ತು ಅದೇ ರಾತ್ರಿ ಬರೆಯುವುದು. ಕಂಡದ್ದು ಒಂದು ಬದಿಗೆ, ತಮಗನಿಸಿದ್ದು ಇನ್ನೊಂದು ಬದಿಗೆ. ಎರಡನೇ ತಿಂಗಳು ಅಂಗನವಾಡಿಯ ತೂಕದ ದಾಖಲೆ, ಶಾಲೆಯ ಹಾಜರಿ, ಪಂಚಾಯಿತಿಯ ಪುಸ್ತಕ ಓದುವುದು. ಟಿ. ನರಸೀಪುರದಲ್ಲಿ 1975ರಲ್ಲಿ ಶುರುವಾದಾಗಿನಿಂದ ನಮ್ಮ ಅಂಗನವಾಡಿಗಳು ತುಂಬಿಸುತ್ತ ಬಂದಿರುವ ರಿಜಿಸ್ಟರುಗಳನ್ನು ಎಷ್ಟು ವಿದ್ಯಾರ್ಥಿಗಳು ಬಿಡಿಸಿ ನೋಡಿದ್ದಾರೆ? ‘ಐಸಿ’ಯಲ್ಲಿ ಆ ಟಿಪ್ಪಣಿಯ ಮೇಲೇ ಮಾತು. ಡಿಸರ್ಟೇಷನ್ ಆ ರಿಪೋರ್ಟಿನ ಕಟ್ಟಿನಿಂದಲೇ ಹುಟ್ಟಲಿ. ಕೈ-ವರ್ಗ ಬೇಕಾದಲ್ಲಿ ಬರಲಿ.

ಅಡ್ಡಿಗಳು ನಿಜ. ಎಷ್ಟೋ ವಿಭಾಗಗಳು ಅತಿಥಿ ಉಪನ್ಯಾಸಕರನ್ನೇ ನೆಚ್ಚಿವೆ. ಸೆಮಿಸ್ಟರ್ ಮುಗಿದರೆ ಮುಂದಿನ ಕೆಲಸದ ಖಾತ್ರಿ ಇಲ್ಲದವರಿಗೆ ಎರಡು ವರ್ಷ ಒಂದೇ ಬೀದಿಗೆ ವಿದ್ಯಾರ್ಥಿಗಳ ಜೊತೆ ಹೋಗಿ ಎನ್ನಲು ಯಾವ ಬಾಯಿ ಇದೆ? ಖಾಲಿ ಹುದ್ದೆ ತುಂಬದೆ ಪಠ್ಯಕ್ರಮವನ್ನಷ್ಟೇ ತಿದ್ದುತ್ತ ಕೂತರೆ ಏನೂ ಆಗದು. ಓದುವ ಸಾಮಗ್ರಿಯದೂ ಅದೇ ಪಾಡು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಸಂದರ್ಶನದ ಬಗ್ಗೆ, ಟಿಪ್ಪಣಿಯ ಬಗ್ಗೆ ನಮ್ಮ ಊರುಗಳ ಉದಾಹರಣೆಯಿರುವ ಒಳ್ಳೆಯ ಕನ್ನಡ ಪುಸ್ತಕಗಳು ಬೇಕು. ಬರೆಯಬಲ್ಲ ಹಿರಿಯ ಅಧ್ಯಾಪಕರು ನಮ್ಮಲ್ಲಿದ್ದಾರೆ.

ಒಂದನ್ನಂತೂ ಈ ಜೂನ್‌ನಿಂದಲೇ ಮಾಡಬಹುದು, ಯಾರ ಮಂಜೂರಾತಿಯೂ ಬೇಡ. ಪ್ರತಿ ಡಿಸರ್ಟೇಷನ್ನಿಗೂ ಎರಡು ಪುಟದ ಕನ್ನಡ ಸಾರಾಂಶ, ಊರ ಮಾತಿನಲ್ಲಿ. ಅದನ್ನು ವೈವಾಕ್ಕೆ ಮೊದಲು ಆ ಊರಿನ ಅಂಗನವಾಡಿಯಲ್ಲೋ ಗ್ರಾಮಸಭೆಯಲ್ಲೋ ವಿದ್ಯಾರ್ಥಿಯೇ ಓದಬೇಕು. ಊರವರು ಒಪ್ಪದಿದ್ದದ್ದು, ತಿದ್ದಿದ್ದು, ಸೇರಿಸಿದ್ದು ಎಲ್ಲ ಪ್ರಬಂಧದ ಕೊನೆಯ ಅಧ್ಯಾಯವಾಗಲಿ. ಬಾಹ್ಯ ಪರೀಕ್ಷಕರು ಅಂಕ ಕೊಡುವಾಗ ಮೊದಲು ತೆರೆಯಬೇಕಾದ ಅಧ್ಯಾಯ ಅದೇ.